ನಲ್ಲಿ ತಿರುಗಿಸಿದರೆ ನೀರು ಬರಬೇಕು

ಮೈಸೂರು
೧೪ ಡಿಸೆಂಬರ್

ಭಾಗ್ಯಾ,

ಫೋನ್ ಯಾಕೆ ಎತ್ತುತ್ತಿಲ್ಲ ಎಂದು ನನ್ನನ್ನು ಬೈದುಕೊಂಡಿರುತ್ತೀಯ. ಫೋನೇ ಇಲ್ಲ ಕಣೇ. ಮದುವೆ ಛತ್ರದಲ್ಲಿ ಇವರು ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಕುಸಿದುಬಿಟ್ಟರು. ಸ್ಟ್ರೋಕ್. ಆಂಬುಲೆನ್ಸ್ ಹತ್ತುವ ಗಡಿಬಿಡಿಯಲ್ಲಿ ನನ್ನ ಫೋನ್ ಎಲ್ಲಿ ಬಿತ್ತೋ, ಯಾರು ಎತ್ತಿಕೊಂಡರೋ. ಇವರದ್ದು ಇಲ್ಲಿ ಸಿಗ್ನಲ್ ಹಿಡಿಯದೆ ಬಿದ್ದಿದೆ. ಅದರ ಕೋಡು ಇವರ ತಲೆಯಲ್ಲಿದೆ, ತಲೆ ಐಸಿಯುನಲ್ಲಿದೆ. ಮೈದುನನ ಮಗ ಸುಮುಖ್‌ನ ಲ್ಯಾಪ್‌ಟಾಪ್ ಇಸಿದುಕೊಂಡು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಈ ಈಮೇಲ್ ಬರೆಯುತ್ತಿದ್ದೇನೆ.

ಬಲಗಡೆ ಪೂರ್ತಿ ಹೋಗಿದೆ. ಮಾತಿಲ್ಲ. ಊರವರ ಬಿಪಿಯನ್ನೆಲ್ಲ ನೋಡಿದ ಜಿಪಿ ಡಾಕ್ಟರು, ತನ್ನದೊಂದನ್ನು ನೋಡಿಕೊಳ್ಳಲಿಲ್ಲ. ನನಗೆ ಅಳುವುದಕ್ಕಿಂತ ಇವರನ್ನು ಎಬ್ಬಿಸಿ ಕೂರಿಸಿ ಜಗಳವಾಡಬೇಕು ಅನ್ನಿಸುತ್ತಿದೆ.

ನೀನೊಂದು ಉಪಕಾರ ಮಾಡಬೇಕು. ಅಲ್ಲಿ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿರುವ ನಮ್ಮ ಮನೆಯ ಇನ್ನೊಂದು ಕೀಲಿ ನಿನ್ನ ಹತ್ತಿರವೇ ಇದೆ. ವಾರಕ್ಕೆಂದು ಹೊರಟು ಬಂದವರು ನಾವು, ಈಗ ನೋಡಿದರೆ ಚಳಿಗಾಲವೆಲ್ಲ ಇಲ್ಲೇ. ಖಾಲಿ ಮನೆಗೆ ಮೂರು ಹೊತ್ತೂ ಹೀಟಿಂಗ್ ಉರಿಸುವ ತಾಕತ್ತು ನಮಗಿಲ್ಲ. ಪೂರಾ ಆರಿಸಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು ಎಂದು ನಿಮ್ಮ ಯಜಮಾನರು ಬಸವಪ್ರಭು ಅವರನ್ನು ಕೇಳು. ಆದರೆ ನೀರನ್ನು ಮಾತ್ರ ಬಂದ್ ಮಾಡಬೇಡಿ.

ಯಾಕೆ ಎಂದು ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಮೆಡಿಸಿನ್ ಅರ್ಧಕ್ಕೆ ಬಿಟ್ಟು ಬಂದು ನಿಂತ ಮಗಳಿಗೆ ಇವರು "ಹಾಗಾದ್ರೆ ಈ ಮನೆಗೆ ಬರಲೇಬೇಡ" ಅಂದರು. ಅವಳೂ ಇವರ ಮಗಳೇ ತಾನೇ, ಓಕೆ ಅಂತ ಒಂದೇ ಮಾತಲ್ಲಿ ಬ್ಯಾಗ್ ಎತ್ತಿಕೊಂಡಳು. ನಂಬರ್ ಬದಲಾಯಿಸಿದಳು. ಕಾಲೇಜಿನ ಈಮೇಲಿಗೆ ಬರೆದರೆ ವಾಪಸ್ ಬರುತ್ತದೆ. ಸಾಲ್ಫರ್ಡ್‌ನ ಮೀಡಿಯಾಸಿಟಿಯಲ್ಲಿ, ಆ ಟಿವಿ ಸ್ಟುಡಿಯೋಗಳ ಹತ್ತಿರ, ಯಾರೋ ನೋಡಿದರಂತೆ, ಅಷ್ಟೇ ನನಗೆ ಗೊತ್ತಿರುವುದು. ನನ್ನ ಮಾಳವಿಕಾಳ ಹತ್ತಿರ ನನ್ನನ್ನು ಹುಡುಕಲು ಉಳಿದಿದ್ದದ್ದು ನನ್ನ ಹಳೆಯ ನಂಬರು ಮತ್ತು ಆ ಮನೆಯ ಕೀಲಿ. ನಂಬರು ಕಳೆದುಹೋಯಿತು. ಇನ್ನು ಮನೆಯೊಂದೇ. ಅವಳು ಬಂದ ದಿನ ನಲ್ಲಿ ತಿರುಗಿಸಿದರೆ ನೀರು ಬರಬೇಕು ಭಾಗ್ಯಾ, ಒಳಗೆ ಕಾಲಿಟ್ಟರೆ ಬೆಚ್ಚಗಿರಬೇಕು.

ಅಡುಗೆಮನೆ ಟೇಬಲ್ ಮೇಲೆ ಒಂದು ಚೀಟಿ ಬರೆದಿಡು. ಅಪ್ಪನ ವಿಷಯ ಬರೆಯಬೇಡ, ಒಬ್ಬಳೇ ನಿಂತು ಓದಬಾರದು. ನಿನಗೆ ಫೋನ್ ಮಾಡು ಅಂತ ಬರಿ, ಸಾಕು.

ನಿನ್ನ
ಚಂದ್ರಕ್ಕ


ಲೆಸ್ಟರ್
೧೭ ಡಿಸೆಂಬರ್

ಚಂದ್ರಕ್ಕನಿಗೆ ಭಾಗ್ಯಶ್ರೀಯ ಶರಣು.

ಅಣ್ಣಾವರಿಗೆ ಸ್ಟ್ರೋಕ್ ಅಂತ ಇದ್ದದ್ದನ್ನು ಎರಡೆರಡು ಸಲ ಓದಿದೆ. ಹೌದು, ಬೈದುಕೊಂಡಿದ್ದೆ. ಊರಿಗೆ ಹೋದ ಕೂಡಲೇ ನಮ್ಮನ್ನು ಮರೆತರು, ಹೋಳಿಗೆ ಹೊಡೆಯುತ್ತಿದ್ದಾರೆ ಅಂತ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ನಿನ್ನೆ ಇಬ್ಬರೂ ನಿಮ್ಮ ಮನೆಗೆ ಹೋಗಿದ್ದೆವು. ನಮ್ಮವರು ದೊಡ್ಡ ದೊಡ್ಡ ಆಫೀಸುಗಳ ಹೀಟಿಂಗ್ ನೋಡುವ ಇಂಜಿನಿಯರು, ನಮ್ಮ ಮನೆಯ ಬಲ್ಬು ಹಾಕು ಅಂದರೆ ವಾರ ತೆಗೆದುಕೊಳ್ಳುತ್ತಾರೆ. ನಿಮ್ಮ ಮನೆಗೆ ಮಾತ್ರ ಟಾರ್ಚ್ ಹಿಡಿದು ಅಟ್ಟದವರೆಗೂ ಹತ್ತಿದರು. ಥರ್ಮೋಸ್ಟ್ಯಾಟನ್ನು ಹನ್ನೆರಡು ಡಿಗ್ರಿಗೆ ಇಟ್ಟಿದ್ದೇವೆ, ಹಗಲೂ ರಾತ್ರಿ ಅಷ್ಟೇ. ಅಟ್ಟದ ಪೈಪುಗಳಿಗೆ ಫೋಮಿನ ಕವಚ ತೊಡಿಸಿದರು. ಹಿತ್ತಲ ನಲ್ಲಿಗೆ ಅಣ್ಣಾವರ ಹಳೇ ಮಫ್ಲರು ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿದೆ. ಸಿಂಕುಗಳ ಕೆಳಗಿನ ಕಪಾಟುಗಳನ್ನೆಲ್ಲ ತೆರೆದಿಟ್ಟಿದ್ದೇವೆ, ಅಟ್ಟದ ಮುಚ್ಚಳವನ್ನೂ ಸ್ವಲ್ಪ ಸರಿಸಿದ್ದೇವೆ. ಮನೆಯೊಳಗಿನ ಒಂದು ಬಾಗಿಲನ್ನೂ ಹಾಕಿಲ್ಲ. ಇದ್ದಷ್ಟೇ ಬಿಸಿ ಎಲ್ಲ ಕಡೆ ಓಡಾಡಬೇಕಂತೆ, ಇದಕ್ಕಿಂತ ಅಗ್ಗದ ಉಪಾಯ ಇಲ್ಲವಂತೆ.

ಅದರಲ್ಲೂ ನಿಮ್ಮ ದೇವರ ಕೋಣೆ. ಮೇಲಿನ ಆ ಪುಟ್ಟ ಕೋಣೆಯ ರೇಡಿಯೇಟರನ್ನು ಅಣ್ಣಾವರು ಎಂದೋ ಬಂದ್ ಮಾಡಿಸಿದ್ದಾರಲ್ಲ, ದೇವರಿಗೆ ಯಾಕೆ ಹೀಟರ್ ಅಂತ. ಬಾತ್‌ರೂಮಿಗೆ ಹೋಗುವ ಪೈಪು ಅದೇ ಕೋಣೆಯ ಹೊರಗೋಡೆ ಹಿಡಿದು ಹೋಗಿದೆ. ನಮ್ಮವರು ಬಾಗಿಲಿಗೆ ಒಂದು ಡಬ್ಬಿ ಅಡ್ಡ ಇಟ್ಟು, "ನೋಡು, ಉಳಿದದ್ದು ಹ್ಯಾಂಗರ ಇರ್ಲಿ, ಈ ಬಾಗಲಾ ಮಾತ್ರ ಮುಚ್ಚಬ್ಯಾಡ. ಇದು ಮುಚ್ಚಿದ್ರ ಒಳಗ ಫ್ರಿಜ್ ಆಗ್ತದ" ಅಂದರು. ನಾನು ದೀಪ ಹಚ್ಚಿ, ಆರುವವರೆಗೂ ಕೂತು ಬಂದೆ.

ಚೀಟಿ ಬರೆದು ನನ್ನ ನಂಬರ್ ಹಾಕಿ ಟೇಬಲ್ ನಡುವೆ ಉಪ್ಪಿನ ಬಟ್ಟಲು ಹೇರಿ ಇಟ್ಟಿದ್ದೇನೆ.

ಒಂದು ಮಾತು ಕೇಳಬೇಕು. ಮನೆಯ ಎಲ್ಲ ರೇಡಿಯೇಟರುಗಳೂ ಕಡಿಮೆಗೆ ತಿರುಗಿದ್ದವು. ಮಾಳವಿಕಾಳ ರೂಮಿನದೊಂದು ಮಾತ್ರ ಪೂರ್ತಿ ತೆರೆದಿತ್ತು. ಅದೊಂದೇ ರೂಮು ಬೆಚ್ಚಗಿತ್ತು. ನೀವು ಮರೆತು ಬಂದಿರಾ? ಹಾಗೇ ಬಿಟ್ಟಿದ್ದೇನೆ.

ನಿಮ್ಮ
ಭಾಗ್ಯ


ಮೈಸೂರು
೨೦ ಡಿಸೆಂಬರ್

ಭಾಗ್ಯಾ,

ನಾನಲ್ಲ ಕಣೇ. ನಾನು ಆ ರೂಮಿಗೆ ಹೋಗುವುದೇ ಇಲ್ಲ, ಹೋದರೆ ಬರುವುದಕ್ಕಾಗುವುದಿಲ್ಲ.

ನಿನ್ನ ಕಾಗದ ಓದಿ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅತ್ತೆ. ಇವರು ಮೂರು ದಿನದಿಂದ ಎಡಗೈ ಎತ್ತಿ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿದ್ದಾರೆ. ನರ್ಸಮ್ಮ ನೀರು ಬೇಕೇನೋ ಅಂದಳು. ನಾನು, ಹೀಟಿಂಗ್ ಆಫ್ ಮಾಡಿದ್ಯಾ ಅಂತ ಕೇಳ್ತಿದ್ದಾರೆ ಇವರು, ಸಾಯೋ ಹೊತ್ತಲ್ಲೂ ಗ್ಯಾಸಿನ ಬಿಲ್ಲೇ ಇವರಿಗೆ ಅಂದುಕೊಂಡು ಸಿಡುಕಿದೆ. ನಿನಗೆ ಗೊತ್ತಲ್ಲ ಇವರ ವರಸೆ. ಮಾಳು ಚಿಕ್ಕವಳಿದ್ದಾಗ ಬಾಗಿಲು ಹಾಕದೆ ಓಡಿದರೆ, "ಬಾಲ ಇನ್ನೂ ಒಳಗೆ ಬರಬೇಕೇನಮ್ಮ? ನಾನೇನು ಇಡೀ ಸಟನ್ ಕೋಲ್ಡ್‌ಫೀಲ್ಡ್‌ಗೆ ಹೀಟಿಂಗ್ ಕೊಡ್ತಾ ಇದೀನಾ?" ಅನ್ನುತ್ತಿದ್ದರು. ಏರ್‌ಪೋರ್ಟಿಗೆ ಹೊರಟಾಗ ಟ್ಯಾಕ್ಸಿ ನಿಲ್ಲಿಸಿ, ಏನೋ ಮರೆತೆ ಅಂತ ಮೇಲೆ ಹೋಗಿ ಬರಿಗೈಯಲ್ಲಿ ಇಳಿದು ಬಂದರು. ನಾನು ತಡವಾಯಿತೆಂದು ಬೈದೆ.

ನಿನ್ನೆ ಕಿವಿಯ ಹತ್ತಿರ ಹೋಗಿ, "ಮಾಳು ರೂಮಿನ ಹೀಟರ್ ಆನ್ ಇದೆ, ಭಾಗ್ಯ ನೋಡಿ ಬಂದಿದ್ದಾಳೆ" ಅಂದೆ. ಕೈ ನಿಂತಿತು. ಕಣ್ಣಿನಿಂದ ನೀರು ಇಳಿಯಿತು. ಈ ಗಂಡಸು ಅವಳೆದುರು ಒಮ್ಮೆ ಹೀಗೆ ಅತ್ತಿದ್ದರೆ ನಮ್ಮ ಮನೆ ಹೀಗಾಗುತ್ತಿತ್ತೇನೇ?

ಬಸವಪ್ರಭು ಅವರಿಗೆ ಕೈ ಮುಗಿದೆ ಎಂದು ಹೇಳು.

ಚಂದ್ರಕ್ಕ


ಲೆಸ್ಟರ್
೨೯ ಡಿಸೆಂಬರ್

ಚಂದ್ರಕ್ಕನಿಗೆ,

ಅಣ್ಣಾವರು ಹೇಗಿದ್ದಾರೆ? ಕಣ್ಣು ಬಿಡುತ್ತಿದ್ದಾರಾ?

ಮುಂದಿನ ವಾರ ಇಲ್ಲಿ ಭಯಂಕರ ಚಳಿ ಬೀಳುತ್ತದೆ ಎಂದು ದಿನವೂ ಟಿವಿಯಲ್ಲಿ ಹೇಳುತ್ತಿದ್ದಾರೆ. ನಮ್ಮವರಿಗೆ ಲೀಡ್ಸಿನಲ್ಲಿ ಕೆಲಸ ಬಿದ್ದಿದೆ, ಒಬ್ಬಳೇ ನಿಮ್ಮ ಮನೆಗೆ ಪದೇ ಪದೇ ಓಡಾಡುವುದು ನನಗೆ ಕಷ್ಟ. ಅವರು ಹೇಳುವುದು ಒಂದೇ. ಸಿಂಕಿನ ಕೆಳಗಿನ ಸ್ಟಾಪ್‌ಕಾಕ್ ತಿರುಗಿಸಿ ಇಡೀ ಮನೆಯ ನೀರು ನಿಲ್ಲಿಸಿ, ನಲ್ಲಿಗಳನ್ನೆಲ್ಲ ಬಿಟ್ಟು ಪೈಪು ಖಾಲಿ ಮಾಡಿಬಿಟ್ಟರೆ ಆಯಿತು. ಪೈಪಿನಲ್ಲಿ ನೀರೇ ಇಲ್ಲದಿದ್ದರೆ ಏನು ಒಡೆಯುತ್ತದೆ?

ಅಕ್ಕ, ಸಿಟ್ಟಾಗಬೇಡಿ. ಎರಡು ವರ್ಷ ಬಾರದವಳು ಈ ವಾರ, ಈ ಹಿಮದಲ್ಲಿ ಬರುತ್ತಾಳೆಯೇ? ಬಾರದವಳಿಗೋಸ್ಕರ ಇರುವ ಮನೆಯನ್ನು ಹಾಳು ಮಾಡಿಕೊಳ್ಳಬೇಡಿ. ಒಂದು ಹೂಂ ಅನ್ನಿ, ನಾಳೆಯೇ ಹೋಗಿ ಬಂದ್ ಮಾಡುತ್ತೇನೆ.

ಭಾಗ್ಯ


ಮೈಸೂರು
೩೦ ಡಿಸೆಂಬರ್

ಭಾಗ್ಯಶ್ರೀ,

ನಿನ್ನ ಮಗಳು ಸೃಷ್ಟಿ ಮಹಡಿಯ ಮೇಲೆ ಇದ್ದಾಳೆ. ಊಟಕ್ಕೆ ಕೂಗಿದರೆ ಬರ್ತೀನಿ ಅಂತ ಒದರುತ್ತಾಳೆ, ತಡವಾಗಿಯಾದರೂ ಬರುತ್ತಾಳೆ. ಬಾರದವಳು ಎಂಬ ಮಾತು ನಿನ್ನ ಬಾಯಿಗೆ ಅದಕ್ಕೇ ಅಷ್ಟು ಸಲೀಸಾಗಿ ಬಂತು.

ನೀರು ಬಂದ್ ಮಾಡಬೇಡ. ಹೋಗಲು ಕಷ್ಟವಾದರೆ ಹೋಗಬೇಡ. ಮನೆ ಕೊಚ್ಚಿಕೊಂಡು ಹೋಗಲಿ, ಬೇಕಾದರೆ ಬೀಳಲಿ. ಅವಳು ಬಂದು ನಲ್ಲಿ ತಿರುಗಿಸಿ, ನೀರು ಬರದೆ, ಇಲ್ಲಿ ಯಾರೂ ನನಗಾಗಿ ಏನನ್ನೂ ಇಟ್ಟಿಲ್ಲ ಎಂದುಕೊಂಡು ವಾಪಸ್ ಹೋಗುವುದಾದರೆ ಆ ಮನೆ ಇದ್ದು ನನಗೇನಾಗಬೇಕು?

ಇನ್ನು ಈ ವಿಷಯ ನನಗೆ ಬರೆಯಬೇಡ.

ಚಂದ್ರಪ್ರಭಾ


ಮೈಸೂರು
೫ ಜನವರಿ

ಭಾಗ್ಯಾ,

ಇವರು ಹೋದರು. ನಿನ್ನೆ ಬೆಳಗ್ಗೆ. ಕಾಫಿ ತರಲು ಹೋಗಿದ್ದೆ, ಬರುವಷ್ಟರಲ್ಲಿ ಮುಗಿದಿತ್ತು. ಸುಮುಖ್ ಬೆಂಕಿ ಇಟ್ಟ. ಹೆತ್ತ ಮಗಳಿಗೆ ಅಪ್ಪ ಸತ್ತದ್ದು ಗೊತ್ತಿಲ್ಲ. ಹೇಳಿ ಕಳಿಸಲು ಒಂದು ವಿಳಾಸ ಇಲ್ಲ. ಎಂಥ ತಾಯಿ ಎಂದು ಬಂದವರೆಲ್ಲ ಕಣ್ಣಲ್ಲೇ ಕೇಳುತ್ತಿದ್ದಾರೆ.

ಹೊರಗಿನವರ ಹತ್ತಿರ ಕೇಳಲಾಗದ್ದನ್ನು ನಿನ್ನ ಹತ್ತಿರ ಕೇಳುತ್ತೇನೆ. ನಿಮ್ಮಲ್ಲಿ ಸೂತಕ ಇಲ್ಲ, ನನಗೆ ಗೊತ್ತು. ನಮ್ಮಲ್ಲಿ ಇದೆ. ಅಲ್ಲಿ ಇನ್ನು ದೀಪ ಹಚ್ಚಬೇಡ. ದೇವರ ಕೋಣೆ ಬಾಗಿಲು ಹಾಕಿಬಿಡು. ಯಜಮಾನ ಹೋದ ಮನೆಯಲ್ಲಿ ದೇವರು ಬಾಗಿಲು ತೆರೆದು ಕೂತಿರುವುದನ್ನು ನೆನೆಸಿಕೊಂಡರೆ ನನಗೆ ಸಂಕಟ. ಅತ್ತೆ ತೀರಿಕೊಂಡಾಗ ಇವರೇ ಹಾಗೆ ಹಾಕಿದ್ದರು. ಪುಟ್ಟ ಮಾಳು ಆ ಬಾಗಿಲ ಮುಂದೆ ಕೂತು, ದೇವರಿಗೆ ಕತ್ತಲಲ್ಲಿ ಭಯ ಆಗಲ್ವಾ ಅಂತ ಕೇಳಿದ್ದಳು. ನಮ್ಮ ಮನೇಲಿ ಒಬ್ಬರು ಹೋಗಿದ್ದಾರಲ್ಲ ಕಂದ, ಅದಕ್ಕೆ ಅಂದಿದ್ದೆ.

ಅವತ್ತಿನ ನನ್ನ ಮಾತು ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಚಂದ್ರಕ್ಕ


ಲೆಸ್ಟರ್
೬ ಜನವರಿ

ಅಕ್ಕ,

ಏನು ಬರೆಯಲಿ? ಅಣ್ಣಾವರು ನನ್ನನ್ನು "ಏನ್ರೀ ಧಾರವಾಡ" ಅಂತಲೇ ಕರೆಯುತ್ತಿದ್ದರು. ಇನ್ನು ಯಾರು ಕರೆಯುತ್ತಾರೆ?

ಇವತ್ತೇ ಹೋಗಿದ್ದೆ. ಡಬ್ಬಿ ಸರಿಸಿ ಬಾಗಿಲು ಹಾಕಿದೆ. ನೀವು ಹೇಳಿದ ಹಾಗೆಯೇ ಮಾಡಿದ್ದೇನೆ, ಬೇರೆ ಯೋಚನೆ ಮಾಡಬೇಡಿ. ಊಟ ಮಾಡಿ.

ಭಾಗ್ಯ


ಲೆಸ್ಟರ್
೧೪ ಜನವರಿ

ಅಕ್ಕ,

ಮೊದಲು ಕೂತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಕರೆದುಕೊಳ್ಳಿ. ಎಡಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ನಿಧಾನ.

ನಿಮ್ಮ ಮನೆಯಿಂದ ಬಂದ ಮರುದಿನವೇ ನಮ್ಮ ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಹಾಗಾಗಿ ವಾರವಿಡೀ ಹೋಗಲಾಗಲಿಲ್ಲ. ಹೊರಗೆ ಕಾಲಿಡಲಾಗದಂಥ ಚಳಿ. ನಿನ್ನೆ ಲೀಡ್ಸಿನಿಂದ ಬಂದ ನಮ್ಮವರು ಹಿಮ ಕರಗುತ್ತಿದೆ, ನೋಡಿ ಬರೋಣ ಅಂದರು. ಕಾರಿನಲ್ಲಿ ಹೋಗುವಾಗ, ದೇವರ ಕೋಣೆ ಬಾಗಿಲು ಹಾಕಿದ್ದೇನೆ ಎಂದು ಬಾಯಿ ಬಿಟ್ಟೆ. ಅವರು ಗಾಡಿ ಬದಿಗೆ ನಿಲ್ಲಿಸಿ ನನ್ನನ್ನೇ ನೋಡಿದರು. "ನಾ ಏನ್ ಹೇಳಿದ್ದೆ ನಿನಗ?" ಅಂದರು. "ಅಕ್ಕಾವ್ರು ಹೇಳಿದ್ರು. ಗಂಡನ್ನ ಕಳಕೊಂಡಾಕಿ ಮುಂದ ಪೈಪಿನ ಮಾತು ಹ್ಯಾಂಗ ಆಡ್ಲಿ?" ಅಂದೆ. ಅವರು ಗಾಡಿ ಮತ್ತೆ ರಸ್ತೆಗೆ ಹತ್ತಿಸಿದರು. ನನಗೆ ಗೊತ್ತಿತ್ತು ಅಕ್ಕ. ಬಾಗಿಲು ಎಳೆದುಕೊಳ್ಳುವಾಗ ಗೊತ್ತಿತ್ತು. ಡಿಸೆಂಬರಿನಲ್ಲಿ ಅಷ್ಟು ನೋಯಿಸಿದ್ದೆನಲ್ಲ, ಇನ್ನೊಂದು ಸಲ ನಿಮಗೆ ಎದುರಾಡುವ ಧೈರ್ಯ ಬರಲಿಲ್ಲ.

ಪೈಪು ಒಡೆದಿತ್ತು. ದೇವರ ಕೋಣೆಯ ಗೋಡೆಯಲ್ಲಿ, ಅವರು ತೋರಿಸಿದ ಜಾಗದಲ್ಲೇ. ಕೆಳಗೆ ಅಡುಗೆಮನೆಯ ಸೀಲಿಂಗ್ ಊದಿಕೊಂಡು ಒಂದು ತುಂಡು ಬಿದ್ದಿದೆ. ಟೇಬಲ್ಲು, ಕಾರ್ಪೆಟ್ಟು ಎಲ್ಲ ತೊಯ್ದಿದೆ. ಆದರೆ ನಾವು ಹೋದಾಗ ನೀರು ಹರಿಯುತ್ತಿರಲಿಲ್ಲ. ಯಾರೋ ಸ್ಟಾಪ್‌ಕಾಕ್ ಬಂದ್ ಮಾಡಿದ್ದರು. ನೆಲ ಒರೆಸಿ ಟವೆಲುಗಳನ್ನು ಹಿಂಡಿ ಸಾಲಾಗಿ ಹರವಿದ್ದರು. ದೇವರ ಕೋಣೆ ಬಾಗಿಲು ತೆರೆದಿತ್ತು, ಒಳಗೆ ಒಂದೂ ಫೋಟೊ ಇರಲಿಲ್ಲ. ನಿಮ್ಮ ದೇವರುಗಳನ್ನೆಲ್ಲ ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ, ಮಾಳವಿಕಾಳ ಬೆಚ್ಚಗಿನ ರೂಮಿನ ಹಾಸಿಗೆ ಮೇಲೆ ಮಲಗಿಸಿದ್ದಳು.

ಅವಳೇ ಅಕ್ಕ. ನಿಮ್ಮ ಮಗಳು ಬಂದಿದ್ದಳು.

ಟೇಬಲ್ ಮೇಲೆ ಎಳ್ಳುಬೆಲ್ಲದ ಪೊಟ್ಟಣ ಇತ್ತು, ಅಂಗಡಿಯದು. ಸಂಕ್ರಾಂತಿಗೆ ಅಂತ ತಂದಿದ್ದಾಳೆ. ಪಕ್ಕದಲ್ಲಿ ಒಂದು ಕಾಗದ. ಎಂದೂ ಇಂಗ್ಲಿಷ್ ಬಿಟ್ಟು ಬಾಯಿ ತೆರೆಯದ ಹುಡುಗಿ ಕನ್ನಡದಲ್ಲಿ ಬರೆದಿದ್ದಾಳೆ, ಭಾನುವಾರ ಭಾನುವಾರ ಅಣ್ಣಾವರು ಕೂರಿಸಿ ಕಲಿಸಿದ ಅಕ್ಷರ. ಇದ್ದದ್ದು ಇದ್ದ ಹಾಗೆ ಕೆಳಗೆ ಇಳಿಸುತ್ತಿದ್ದೇನೆ:

"ನಾನು ಮಾಳು. ಹಬ್ಬ ಅಂತ ಬಂದೆ. ಮೇಲಿಂದ ನೀರು ಬೀಳ್ತಾ ಇತ್ತು, ನಿಲ್ಲಿಸಿದೆ. ಟೇಬಲ್ ಮೇಲೆ ಚೀಟಿ ಇತ್ತು, ಎಲ್ಲ ಅಳಿಸಿ ಹೋಗಿದೆ. ಮಾಳು ಅಂತ ಇರೋದು ಮಾತ್ರ ಗೊತ್ತಾಯ್ತು. ಅಮ್ಮನ ಫೋನ್ ಸಿಗಲ್ಲ. ಅಪ್ಪನ ಫೋನ್ ಸಿಗಲ್ಲ. ದೇವರ ಮನೆ ಬಾಗಿಲು ಹಾಕಿತ್ತು. ಯಾಕೆ ಹಾಕ್ತಾರೆ ಅಂತ ನನಗೆ ಗೊತ್ತು. ಅಜ್ಜಿಗೆ ಹಾಕಿದ್ರಿ. ಈಗ ಯಾರು? ಅಮ್ಮನಾ, ಅಪ್ಪನಾ? ಇದನ್ನ ಯಾರಿಗೆ ಬರೀತಿದೀನಿ ಅಂತ ಗೊತ್ತಿಲ್ಲ. ನಂಬರ್ ಬರೆಯಲ್ಲ, ಫೋನಲ್ಲಿ ಕೇಳಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಭಾನುವಾರ ಬರ್ತೀನಿ. ಇರೋರು ಮನೇಲಿ ಇರಿ, ಪ್ಲೀಸ್."

ಅಷ್ಟೇ. ನನ್ನ ಚೀಟಿ ಅವಳಿಗೆ ಓದಲು ಸಿಕ್ಕಿದ್ದರೆ ಆಗಲೇ ನನಗೆ ಫೋನ್ ಮಾಡಿರುತ್ತಿದ್ದಳು. ಮುಚ್ಚಿದ ಬಾಗಿಲೇ ಪೈಪು ಒಡೆಯಿತು, ಆ ನೀರೇ ಚೀಟಿ ಅಳಿಸಿತು. ಅವಳು ಹೋದ ಮೇಲೆ ನಾವು ಮನೆ ಬದಲಾಯಿಸಿ ಲೆಸ್ಟರಿಗೆ ಬಂದದ್ದೂ ಅವಳಿಗೆ ಗೊತ್ತಿಲ್ಲ. ನನ್ನನ್ನು ಏನು ಬೇಕಾದರೂ ಅನ್ನಿ ಅಕ್ಕ, ಆದರೆ ಏನಾದರೂ ಅನ್ನಿ.

ಭಾಗ್ಯ


ಮೈಸೂರು
೧೫ ಜನವರಿ

ಭಾಗ್ಯಾ,

ಬಾಗಿಲು ಹಾಕು ಅಂದವಳು ನಾನು. ನೀನು ಹಾಕಿದೆ. ಅನ್ನುವುದು ಏನಿದೆ.

ನಾಡಿದ್ದು ವೈಕುಂಠ ಸಮಾರಾಧನೆ. ಇವರ ಕೊನೆಯ ಕೆಲಸ ಬಿಟ್ಟು ಹೊರಡುವುದು ನನ್ನಿಂದಾಗಲಿಲ್ಲ. ಅದು ಮುಗಿಸಿ ಹೊರಟರೆ ಸಿಕ್ಕಿದ ಟಿಕೆಟ್ಟು ಸೋಮವಾರ ಮಧ್ಯಾಹ್ನ ಬರ್ಮಿಂಗ್‌ಹ್ಯಾಮ್ ಮುಟ್ಟುತ್ತದೆ. ಭಾನುವಾರ ಅಲ್ಲ, ಸೋಮವಾರ. ಸುಮುಖ್ ಕೈಕಾಲು ಹಿಡಿದು ಎಲ್ಲ ಕಡೆ ನೋಡಿದ, ಬೇರೆ ಇಲ್ಲ.

ಭಾನುವಾರ ಬೆಳಗಾಗುತ್ತಲೇ ನೀನು ಹೋಗಿ ಆ ಮನೆಯಲ್ಲಿ ಕೂರು. ಕೈ ಮುರಿದಿದ್ದರೂ ಹೋಗು, ನನ್ನಾಣೆ. ಪ್ಲಂಬರ್ ಸಿಗದಿದ್ದರೆ ಕ್ಯಾನಿನಲ್ಲಿ ನೀರು ಹೊತ್ತುಕೊಂಡು ಹೋಗಿ ಅಡುಗೆಮನೆಯಲ್ಲಿ ಇಡಿ. ಕೆಳಗಿರುವುದನ್ನು ಪ್ರಿಂಟ್ ಮಾಡಿ ಅವಳ ಕೈಗೆ ಕೊಡು. ಟೇಬಲ್ ಮೇಲೆ ಇಡಬೇಡ. ಅವಳು ಓದುವಾಗ ಹತ್ತಿರ ನಿಂತಿರು.

ಚಂದ್ರಕ್ಕ


ಮಾಳು,

ಅಪ್ಪ ಕಂದ. ಜನವರಿ ನಾಲ್ಕರ ಬೆಳಗ್ಗೆ, ಮೈಸೂರಿನಲ್ಲಿ. ಇದನ್ನು ನಿನ್ನನ್ನು ತಬ್ಬಿಕೊಂಡು ಹೇಳಬೇಕಾಗಿತ್ತು, ಕಾಗದದಲ್ಲಿ ಹೇಳುತ್ತಿದ್ದೇನೆ. ಉಳಿದಿರುವವಳು ನಾನು.

ನಿನ್ನ ಕಾಗದದಲ್ಲಿ ಇಬ್ಬರಲ್ಲಿ ಯಾರು ಎಂದು ಕೇಳಿದ್ದೀಯ. ಯಾರು ಉಳಿದಿದ್ದರೆ ಚೆನ್ನಾಗಿತ್ತು ಎಂದು ನೀನು ಒಂದು ಕ್ಷಣ ಯೋಚಿಸಿದ್ದರೂ ನನಗೆ ಬೇಜಾರಿಲ್ಲ. ಅವರೇ ಉಳಿದಿದ್ದರೆ ಈಗ ನಿನ್ನ ಮುಂದೆ ಕೂತು ಅಳುತ್ತಿದ್ದರು. ಅಳಲು ಅವರಿಗೆ ಕೊನೆಗೆ ಬಂತು ಮಾಳು, ನಾನು ನೋಡಿದೆ.

ನಿನ್ನ ರೂಮು ಬೆಚ್ಚಗಿದ್ದದ್ದನ್ನು ನೀನು ನೋಡಿರುತ್ತೀಯ, ಅದಕ್ಕೇ ದೇವರನ್ನು ಅಲ್ಲಿ ಮಲಗಿಸಿದೆ. ಅಮ್ಮ ಆನ್ ಮಾಡಿಟ್ಟಿರುತ್ತಾಳೆ ಅಂದುಕೊಂಡಿರುತ್ತೀಯ. ನಾನಲ್ಲ. ಅಪ್ಪ. ಊರಿಗೆ ಹೊರಟ ದಿನ ಟ್ಯಾಕ್ಸಿ ನಿಲ್ಲಿಸಿ, ನನಗೂ ಹೇಳದೆ ಮೇಲೆ ಹತ್ತಿ ಹೋಗಿ ಆನ್ ಮಾಡಿ ಬಂದರು. ಆಸ್ಪತ್ರೆಯಲ್ಲಿ ಮಾತು ಹೋದ ಮೇಲೂ ಕೈಯಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಮನೆಯ ಬೀಗ ಬದಲಾಯಿಸುತ್ತೇನೆ ಎಂದು ಎರಡು ವರ್ಷ ಹಾರಾಡಿದರು, ಬದಲಾಯಿಸಲಿಲ್ಲ. ನಿನ್ನ ಕೀಲಿ ಬಾಗಿಲಿಗೆ ಹಿಡಿಯಿತಲ್ಲ.

ನೀನು ಬಂದಾಗ ನಲ್ಲಿಯಲ್ಲಿ ನೀರು ಬರಬೇಕು ಅಂತ ನಾನು ಭಾಗ್ಯ ಆಂಟಿಯ ಹತ್ತಿರ ಜಗಳವಾಡಿದ್ದೆ. ಈಗ ನೀನು ಕೂತಿರುವ ಮನೆಯಲ್ಲಿ ಒಂದು ತೊಟ್ಟು ನೀರು ಬರುವುದಿಲ್ಲ. ಸೀಲಿಂಗ್ ಬಿದ್ದಿದೆ. ಸ್ನಾನಕ್ಕಿಲ್ಲ, ಪಾತ್ರೆಗಿಲ್ಲ. ಇಂಥ ಮನೆಯಲ್ಲಿ ಇರು ಅನ್ನಲು ನನಗೆ ನಾಚಿಕೆ. ಆದರೂ ಅನ್ನುತ್ತೇನೆ. ನಾನು ಸೋಮವಾರ ಮಧ್ಯಾಹ್ನ ಬರುತ್ತೇನೆ. ಒಂದು ರಾತ್ರಿ ಇರು. ನಿನ್ನ ರೂಮಿನಲ್ಲಿ ಮಲಗು, ದೇವರ ಕೋಣೆ ಬಾಗಿಲು ತೆರೆದೇ ಇರಲಿ. ಭಾಗ್ಯ ಆಂಟಿ ಫ್ಲಾಸ್ಕಿನಲ್ಲಿ ಕಾಫಿ ತಂದಿರುತ್ತಾಳೆ, ಕುಡಿ.

ನಾನು ಬರುವವರೆಗೆ ಹೋಗಬೇಡ.

ಅಮ್ಮ